ಒಂದೇ ವರ್ಷ, ಮೂರು ಅಂಕಿ: ರೀಟೇಲ್ ಕಂಪನಿ ಆಸ್ತಿಗೆ ಹಾಕುವ ಹಣವನ್ನು ಓದುವುದು ಹೇಗೆ?

ಪ್ರಶ್ನೆ: ನಾನು ನಾಲ್ಕೈದು ರೀಟೇಲ್ ಕಂಪನಿಗಳ ವಾರ್ಷಿಕ ವರದಿಗಳನ್ನು ಓದುತ್ತಾ ಬಂದಿದ್ದೇನೆ. ಮಳಿಗೆ, ಗೋದಾಮು, ಯಂತ್ರಗಳ ಮೇಲೆ ಅವರು ಪ್ರತಿ ವರ್ಷ ಎಷ್ಟು ಹಣ ಹಾಕುತ್ತಾರೆ ಅಂತ ಒಂದು ಪಟ್ಟಿ ಮಾಡುವ ಆಸೆ. ಮೊದಲ ಕಂಪನಿಯಲ್ಲೇ ಸಿಕ್ಕಿಹಾಕಿಕೊಂಡೆ. ಅಧ್ಯಕ್ಷರ ಪತ್ರದಲ್ಲಿ ಈ ವರ್ಷದ ಹೂಡಿಕೆ 260 ಕೋಟಿ ಅಂತಿದೆ. ನಗದು ಹರಿವಿನ ಪಟ್ಟಿಯಲ್ಲಿ 170 ಕೋಟಿ. ಸ್ಥಿರಾಸ್ತಿಯ ಟಿಪ್ಪಣಿಯಲ್ಲಿ 200 ಕೋಟಿ. ಯಾವುದನ್ನು ನಂಬಬೇಕು? ಈ ಹೂಡಿಕೆ ಜಾಸ್ತಿಯಾದರೆ ಒಳ್ಳೆಯದೋ, ಕಡಿಮೆಯಾದರೆ ಒಳ್ಳೆಯದೋ? ಸಂಬಂಧಪಟ್ಟ ಪುಟಗಳನ್ನೂ ನನ್ನ ಪಟ್ಟಿಯನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಮೂರೂ ಸರಿ. ಯಾರೂ ಸುಳ್ಳು ಹೇಳಿಲ್ಲ. ಮೂರು ಅಂಕಿಗಳು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು, ಅಷ್ಟೇ. ನೀವು ಕಳಿಸಿದ ಪುಟಗಳಲ್ಲೇ ಅವು ಹೇಗೆ ಕೂಡಿಕೊಳ್ಳುತ್ತವೆ ಅಂತ ಮೊದಲು ತೋರಿಸುತ್ತೇನೆ. ಇದನ್ನು ಒಮ್ಮೆ ಕೈಯಾರೆ ಮಾಡಿದರೆ ಆಮೇಲೆ ಯಾವ ಕಂಪನಿಯ ಲೆಕ್ಕವೂ ನಿಮ್ಮನ್ನು ಹೆದರಿಸುವುದಿಲ್ಲ.

ಸ್ಥಿರಾಸ್ತಿಯ ಟಿಪ್ಪಣಿ ತೆಗೆಯಿರಿ. ಸವಕಳಿ ಅಂದರೆ ಆಸ್ತಿ ಬಳಕೆಯಲ್ಲಿ ಸವೆದದ್ದಕ್ಕೆ ಅದರ ಬೆಲೆಯಲ್ಲಿ ಪ್ರತಿ ವರ್ಷ ಇಳಿಸಿ ಬರೆಯುವ ಮೊತ್ತ. ವರ್ಷದ ಆರಂಭದಲ್ಲಿ ಅದನ್ನು ಕಳೆದು ಉಳಿದ ಆಸ್ತಿ 800 ಕೋಟಿ. ವರ್ಷದ ಕೊನೆಗೆ 870. ಮೇಲ್ನೋಟಕ್ಕೆ 70 ಕೋಟಿ ಮಾತ್ರ ಸೇರಿದ ಹಾಗೆ ಕಾಣುತ್ತದೆ. ಆದರೆ ಅದೇ ವರ್ಷ 110 ಕೋಟಿ ಸವಕಳಿಯಲ್ಲಿ ಕರಗಿದೆ. ಪುಸ್ತಕದಲ್ಲಿ 20 ಕೋಟಿ ಬೆಲೆಯಿದ್ದ ಹಳೆಯ ಗೋದಾಮೊಂದನ್ನು ಮಾರಿದ್ದಾರೆ. ಕರಗಿದ್ದು, ಹೋದದ್ದು ಎರಡನ್ನೂ ವಾಪಸ್ ಸೇರಿಸಿ: 70, 110, 20. ಒಟ್ಟು 200. ಅಂದರೆ ಆ ವರ್ಷ ನಿಜವಾಗಿ ಹೊಸದಾಗಿ ಬಂದ ಆಸ್ತಿ 200 ಕೋಟಿ. ಟಿಪ್ಪಣಿಯಲ್ಲಿರುವ ಅಂಕಿ ಇದೇ.

ಹಾಗಾದರೆ ನಗದು ಹರಿವಿನಲ್ಲಿ 170 ಯಾಕೆ? ಆಸ್ತಿ ಬಂದಿದೆ, ದುಡ್ಡು ಪೂರ್ತಿ ಹೋಗಿಲ್ಲ. ಬಾಕಿಗಳ ಟಿಪ್ಪಣಿ ನೋಡಿ. ಕಟ್ಟಡದ ಗುತ್ತಿಗೆದಾರರಿಗೆ ಮತ್ತು ಯಂತ್ರ ಕೊಟ್ಟವರಿಗೆ ಉಳಿಸಿಕೊಂಡ ಬಾಕಿ ಹೋದ ವರ್ಷಕ್ಕಿಂತ 25 ಕೋಟಿ ಜಾಸ್ತಿಯಾಗಿದೆ. ಆ ಹಣ ಮುಂದಿನ ವರ್ಷದ ನಗದು ಹರಿವಿನಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು 5 ಕೋಟಿ, ಗೋದಾಮು ಕಟ್ಟುವಾಗ ಸಾಲಕ್ಕೆ ಕಟ್ಟಿದ ಬಡ್ಡಿ. ಅದನ್ನು ಆಸ್ತಿಯ ಬೆಲೆಗೆ ಸೇರಿಸಿದ್ದಾರೆ, ಆದರೆ ನಗದು ಪಟ್ಟಿಯಲ್ಲಿ ಬಡ್ಡಿಯ ಸಾಲಿನಲ್ಲೇ ಬಿಟ್ಟಿದ್ದಾರೆ. 170, 25, 5. ಸರಿಹೋಯ್ತು ಅಲ್ವಾ?

ಅಧ್ಯಕ್ಷರ 260ರಲ್ಲಿ ಮಿಕ್ಕ 60 ಕೋಟಿ ಲೀಸ್‌ನದು. ಈ ವರ್ಷ ಬಾಡಿಗೆಗೆ ಹಿಡಿದ ಜಾಗಗಳನ್ನು ಬಳಸುವ ಹಕ್ಕಿಗೆ ಲೆಕ್ಕದಲ್ಲಿ ಕಟ್ಟಿದ ಬೆಲೆ ಅದು. ಕಂಪನಿ ಆ 60 ಕೋಟಿಯನ್ನು ಯಾರಿಗೂ ಎಣಿಸಿ ಕೊಟ್ಟಿಲ್ಲ. ಮುಂದಿನ ಹಲವು ವರ್ಷ ಬಾಡಿಗೆಯಾಗಿ ಕೊಡುತ್ತಾ ಹೋಗುತ್ತದೆ.

ಯಾವುದನ್ನು ಬರೆದಿಟ್ಟುಕೊಳ್ಳಬೇಕು ಅಂದರೆ, ಮೂರನ್ನೂ. ಕಂಪನಿ ದುಡಿದ ಹಣದಲ್ಲಿ ಕೈಯಲ್ಲಿ ಎಷ್ಟು ಉಳಿಯಿತು ಅಂತ ನೋಡಲು 170 ಬೇಕು. ಆಸ್ತಿ ಬೆಳೆಯುತ್ತಿದೆಯೋ ಸವೆಯುತ್ತಿದೆಯೋ ಅಂತ ನೋಡಲು 200 ಬೇಕು. ಸ್ವಂತ ಕಟ್ಟಡದ ಕಂಪನಿಯನ್ನೂ ಬಾಡಿಗೆ ಕಟ್ಟಡದ ಕಂಪನಿಯನ್ನೂ ಪಕ್ಕಪಕ್ಕ ಇಡಬೇಕಾದರೆ 260ರಂಥ ಅಂಕಿಯೇ ಗತಿ.

ರೀಟೇಲ್‌ನಲ್ಲಿ ಎಡವುವವರು ಜಾಸ್ತಿ ಎಡವುವುದು ಈ ಬಾಡಿಗೆಯ ವಿಷಯದಲ್ಲೇ. ಒಂದು ಸಿಮೆಂಟ್ ಕಾರ್ಖಾನೆ ತನ್ನ ಯಂತ್ರಗಳನ್ನು ಸಾಮಾನ್ಯವಾಗಿ ತಾನೇ ಕೊಳ್ಳುತ್ತದೆ. ರೀಟೇಲ್ ಕಂಪನಿಗೆ ಎರಡು ದಾರಿ ಇದೆ. ಜಾಗ ಕೊಂಡು ಕಟ್ಟಬಹುದು, ಇಲ್ಲ ಬಾಡಿಗೆಗೆ ಹಿಡಿದು ಒಳಗಿನ ಕೆಲಸ ಮಾತ್ರ ಮಾಡಿಸಬಹುದು. ಗಿರಾಕಿಗೆ ಎರಡೂ ಒಂದೇ ಥರದ ಅಂಗಡಿ. ಲೆಕ್ಕಪುಸ್ತಕದಲ್ಲಿ ಮಾತ್ರ ಒಂದರ ಹೂಡಿಕೆ ದೊಡ್ಡದು, ಇನ್ನೊಂದರದು ಚಿಕ್ಕದು. ಅಮೆರಿಕದ ಅಂಗಡಿ ಸಾಲು ಕಾಸ್ಟ್‌ಕೋ ತನ್ನ ಬಹುಪಾಲು ಮಳಿಗೆಗಳ ಜಾಗವನ್ನೂ ಕಟ್ಟಡವನ್ನೂ ತಾನೇ ಇಟ್ಟುಕೊಂಡಿದೆ. ಮಾಲ್‌ಗಳಲ್ಲಿ ಬಟ್ಟೆ ಮಾರುವ ಕಂಪನಿಗಳಿಗೆ ಸಾಮಾನ್ಯವಾಗಿ ಅಂಗಡಿಯ ಗೋಡೆಯೂ ಸ್ವಂತದ್ದಲ್ಲ. ಇಬ್ಬರ ಬಂಡವಾಳ ವೆಚ್ಚವನ್ನು, ಅಂದರೆ ಆಸ್ತಿಗೆ ಹಾಕಿದ ಹಣವನ್ನು, ಸುಮ್ನೆ ಮಾರಾಟದಿಂದ ಭಾಗಿಸಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

2019ರವರೆಗೆ ಸಾಮಾನ್ಯ ಬಾಡಿಗೆ ಒಪ್ಪಂದಗಳು ಬ್ಯಾಲೆನ್ಸ್ ಶೀಟ್‌ನ ಹೊರಗೇ ಇರುತ್ತಿದ್ದವು. ಆ ವರ್ಷದ ಜನವರಿ 1ರಿಂದ ಲೀಸ್ ಬಗೆಗಿನ ಅಂತರರಾಷ್ಟ್ರೀಯ ಲೆಕ್ಕ ನಿಯಮ ಐಎಫ್‌ಆರ್‌ಎಸ್ 16 ಜಾರಿಗೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ದೊಡ್ಡ ಕಂಪನಿಗಳಿಗೆ ಅಲ್ಲಿನದೇ ಲೀಸ್ ನಿಯಮ ಎಎಸ್‌ಸಿ 842 ಬಂತು. ಎರಡರಲ್ಲೂ ಬಾಡಿಗೆ ಜಾಗವನ್ನು ಬಳಸುವ ಹಕ್ಕು ಆಸ್ತಿಯಾಗಿ, ಕೊಡಬೇಕಾದ ಬಾಡಿಗೆ ಸಾಲವಾಗಿ ಒಳಗೆ ಬಂತು. ಅಲ್ಲಿಂದ ಮುಂದೆ ಎರಡೂ ಬೇರೆಯಾಗುತ್ತವೆ. ಐಎಫ್‌ಆರ್‌ಎಸ್ ಲೆಕ್ಕದಲ್ಲಿ ಈ ಹಕ್ಕಿಗೂ ಸವಕಳಿ ಹಾಕುತ್ತಾರೆ. ಬಾಡಿಗೆಯ ಅಸಲಿನ ಭಾಗವನ್ನು ಸಾಲ ತೀರಿಸಿದ ಹಾಗೆ ನಗದು ಪಟ್ಟಿಯ ಕೊನೆಯ ಭಾಗದಲ್ಲಿ ತೋರಿಸುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಹೆಚ್ಚಿನ ಮಳಿಗೆಗಳ ಲೀಸ್ ಮೊದಲಿನ ಹಾಗೆ ಬಾಡಿಗೆ ಖರ್ಚಾಗಿಯೇ ಹೋಗುತ್ತದೆ, ಸವಕಳಿಯ ಸಾಲಿಗೆ ಬರುವುದೇ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಪಟ್ಟಿ. ಅದರಲ್ಲಿ 170ನ್ನು 165ರಿಂದ ಭಾಗಿಸಿ, ಹೂಡಿಕೆ ಸವಕಳಿಗೆ ಸರಿಸಮ ಅಂತ ಬರೆದಿದ್ದೀರಿ. ಆ 165 ಲಾಭ-ನಷ್ಟದ ಪಟ್ಟಿಯಿಂದ ತೆಗೆದದ್ದು. ಅದರಲ್ಲಿ ಸ್ವಂತ ಆಸ್ತಿಯ ಸವಕಳಿ 110, ಮಿಕ್ಕ 55 ಲೀಸ್ ಹಕ್ಕಿನ ಸವಕಳಿ. ಮೇಲೆ ಸ್ವಂತ ಆಸ್ತಿಗೆ ಹಾಕಿದ ಹಣ ಇಟ್ಟು ಕೆಳಗೆ ಎರಡರ ಸವಕಳಿ ಇಟ್ಟಿದ್ದೀರಿ. ಸ್ವಂತದ್ದನ್ನು ಸ್ವಂತದ್ದರ ಜೊತೆಗೇ ಇಡಬೇಕು. 200ನ್ನು 110ರಿಂದ ಭಾಗಿಸಿ. 1.8 ಬರುತ್ತದೆ. ಚಿತ್ರವೇ ಬದಲಾಯಿತು ನೋಡಿ. ಅನುಭವಸ್ಥರ ವರದಿಗಳಲ್ಲೂ ಈ ತಪ್ಪು ಕಂಡಿದ್ದೇನೆ. ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಸಣ್ಣ ಎಚ್ಚರಿಕೆ. ಲೀಸ್‌ನ 60 ಕೋಟಿ ಪೂರ್ತಿ ಹೊಸ ಮಳಿಗೆಗಳದ್ದೇ ಅಂದುಕೊಳ್ಳಬೇಡಿ. ಹಳೆಯ ಮಳಿಗೆಯ ಒಪ್ಪಂದವನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿದರೂ ಆ ಸಾಲು ಏರುತ್ತದೆ. ಅಂಗಡಿ ಅದೇ, ಒಂದು ಇಟ್ಟಿಗೆಯೂ ಹೊಸದಾಗಿ ಬಂದಿರುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಜಾಸ್ತಿಯೋ ಕಡಿಮೆಯೋ ಅನ್ನುವುದಕ್ಕಿಂತ ಮೊದಲು, ಹಣ ಎಲ್ಲಿಗೆ ಹೋಯಿತು ಅಂತ ಕೇಳಬೇಕು. ಒಟ್ಟು ಅಂಕಿಯೊಂದೇ ಕೈಯಲ್ಲಿದ್ದರೆ ಆ ಹಣ ಏನು ಮಾಡಿತು ಅಂತ ಗೊತ್ತಾಗುವುದಿಲ್ಲ.

ವಾಲ್‌ಮಾರ್ಟ್ ಉದಾಹರಣೆ ನೋಡಿ. 2022ರ ಜನವರಿಗೆ ಮುಗಿದ ವರ್ಷದಲ್ಲಿ ಅದರ ಒಟ್ಟು ಬಂಡವಾಳ ವೆಚ್ಚ ಸುಮಾರು 1,310 ಕೋಟಿ ಡಾಲರ್. ಅಷ್ಟು ದೊಡ್ಡ ಅಂಗಡಿ ಸಾಲು ಅಂದಮೇಲೆ ಹೊಸ ಮಳಿಗೆಗಳಿಗೇ ಹಣ ಹೋಗಿರಬೇಕು ಅಂತ ಅನಿಸುತ್ತದೆ. ಅಮೆರಿಕದಲ್ಲಿ ಹೊಸ ಮಳಿಗೆ, ವಿಸ್ತರಣೆ, ಸ್ಥಳಾಂತರ ಎಲ್ಲ ಸೇರಿ ಹೋದದ್ದು 13.4 ಕೋಟಿ. ಒಟ್ಟು ವೆಚ್ಚದಲ್ಲಿ ನೂರಕ್ಕೆ ಒಂದು ಭಾಗ! ಇದ್ದ ಮಳಿಗೆಗಳನ್ನು ಹೊಸದು ಮಾಡಲು ಸುಮಾರು 328 ಕೋಟಿ. ಸರಕು ಸಾಗಣೆ, ಗೋದಾಮು, ಆನ್‌ಲೈನ್ ಆರ್ಡರ್‌ನ ವ್ಯವಸ್ಥೆ, ತಂತ್ರಜ್ಞಾನ ಇವಕ್ಕೆ ಸುಮಾರು 720 ಕೋಟಿ. ಉಳಿದ ಸುಮಾರು 250 ಕೋಟಿ ಬೇರೆ ದೇಶಗಳಿಗೆ. ಈ ನಾಲ್ಕು ಸಾಲು ಓದಿದರೆ ಕಂಪನಿ ಏನು ಮಾಡಲು ಹೊರಟಿದೆ ಅಂತ ತಿಳಿಯುತ್ತದೆ. ಇದ್ದ ಅಂಗಡಿಗಳ ಹಿಂದಿನ ವ್ಯವಸ್ಥೆಯನ್ನು ಅದು ಮತ್ತೆ ಕಟ್ಟುತ್ತಿತ್ತು. ಮೂರು ವರ್ಷದ ನಂತರ, 2025ರ ಜನವರಿಗೆ ಮುಗಿದ ವರ್ಷದಲ್ಲಿ, ಒಟ್ಟು ವೆಚ್ಚ ಸುಮಾರು 2,380 ಕೋಟಿ ಡಾಲರ್‌ಗೆ ಏರಿತು. ಆ ವರ್ಷದ ಸವಕಳಿ ಸುಮಾರು 1,300 ಕೋಟಿ.

ಇಂಥ ವಿಂಗಡಣೆಯನ್ನು ಎಲ್ಲರೂ ಕೊಡುವುದಿಲ್ಲ. ಕೊಡದಿದ್ದರೆ ನೀವೇ ಅಂದಾಜು ಮಾಡಬೇಕು. ನಿಮ್ಮ ಕಂಪನಿಯಲ್ಲೇ ಮಾಡೋಣ. ಈ ವರ್ಷ 12 ಹೊಸ ಮಳಿಗೆ ತೆರೆದಿದ್ದೇವೆ, ಒಳಾಂಗಣಕ್ಕೆ ತಲಾ ಸುಮಾರು 8 ಕೋಟಿ ತಗಲಿದೆ ಅಂತ ವರದಿಯ ಮುಂದಿನ ಪುಟಗಳಲ್ಲಿ ಹೇಳಿಕೊಂಡಿದ್ದಾರೆ. ಅಲ್ಲಿಗೆ 96 ಕೋಟಿ. ಹೊಸ ಗೋದಾಮಿಗೆ 30. ಇವೆರಡನ್ನು 200ರಿಂದ ಕಳೆಯಿರಿ. 74 ಉಳಿಯಿತು. ಹಳೆಯ ಮಳಿಗೆಗಳು, ಹಳೆಯ ಯಂತ್ರಗಳು, ಕಂಪ್ಯೂಟರ್ ಎಲ್ಲಕ್ಕೂ ಸೇರಿ ಹಾಕಿದ್ದು ಅಷ್ಟೇ. ಆದರೆ ಅವುಗಳ ಸವಕಳಿ 110ರ ಹತ್ತಿರ. ಒಟ್ಟಾರೆ 1.8 ಅಂತ ಚೆಂದ ಕಂಡದ್ದು ಇಲ್ಲಿ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿಯಿತು. ಹೊಸ ಅಂಗಡಿಗಳ ಉದ್ಘಾಟನೆ ನಡೆಯುತ್ತಿದೆ, ಹಳೆಯವು ಸವೆಯುತ್ತಿವೆ. ಒಂದು ವರ್ಷ ಹೀಗಾದರೆ ಪರವಾಗಿಲ್ಲ. ಮೂರು ವರ್ಷ ಸತತವಾಗಿ ಹೀಗೇ ಇದ್ದರೆ ನಾನಾಗಿದ್ದರೆ ಕಂಪನಿಗೆ ಪತ್ರ ಬರೆದು ಕೇಳುತ್ತಿದ್ದೆ.

ಸವಕಳಿಯಷ್ಟು ಹಣ ಹಾಕಿದರೆ ಸಾಕು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಸವಕಳಿ ಲೆಕ್ಕ ಹಾಕುವುದು ಆಸ್ತಿಯನ್ನು ಕೊಂಡ ದಿನದ ಬೆಲೆಯ ಮೇಲೆ. ಹನ್ನೆರಡು ವರ್ಷದ ಹಿಂದೆ ಕೊಂಡ ಫ್ರೀಜರ್ ಇವತ್ತು ಅದೇ ಬೆಲೆಗೆ ಸಿಗುವುದಿಲ್ಲ. ಹಾಗಾಗಿ ಹಳೆಯ ಮಳಿಗೆಗಳಿಗೆ ಸವಕಳಿಯಷ್ಟೇ ಹಾಕುವ ಕಂಪನಿ ನಿಜದಲ್ಲಿ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿರುತ್ತದೆ. ಆಸ್ತಿಯ ಆಯಸ್ಸನ್ನು ಎಷ್ಟು ಅಂತ ಹಿಡಿದಿದ್ದಾರೆ ಅನ್ನುವುದನ್ನೂ ನೋಡಬೇಕು. ವಾಲ್‌ಮಾರ್ಟ್ ಕಟ್ಟಡಗಳಿಗೆ 3ರಿಂದ 40 ವರ್ಷ ಹಿಡಿಯುತ್ತದೆ. ಕಾಸ್ಟ್‌ಕೋ 5ರಿಂದ 50 ವರ್ಷ. ಜಮೀನಿಗೆ ಸವಕಳಿಯೇ ಇಲ್ಲ. ಯಾವ ಕಂಪನಿಯಾದರೂ ಆಯಸ್ಸನ್ನು ಉದ್ದ ಮಾಡಿದರೆ ಆ ವರ್ಷದಿಂದ ಸವಕಳಿ ಇಳಿಯುತ್ತದೆ, ಹೂಡಿಕೆಯ ಅನುಪಾತ ತಾನಾಗಿಯೇ ಏರುತ್ತದೆ. ಅಂಗಡಿಯಲ್ಲಿ ಏನೂ ಬದಲಾಗಿರುವುದಿಲ್ಲ.

ಹಣ ಹಾಕುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿ ಕಲಿತೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಅಂಗಡಿ ಸಾಲಿನ ಲೆಕ್ಕ ನೋಡುತ್ತಿದ್ದೆ. ನಾಲ್ಕು ವರ್ಷ ಸತತವಾಗಿ ಬಂಡವಾಳ ವೆಚ್ಚ ಇಳಿಯುತ್ತಿತ್ತು, ಕೈಯಲ್ಲಿ ಉಳಿಯುವ ನಗದು ಏರುತ್ತಿತ್ತು. ಶಿಸ್ತಿನ ಕಂಪನಿ ಅಂತ ಮೆಚ್ಚಿ ಬರೆದೆ. ಆಮೇಲೆ ಅವರ ಒಂದು ಮಳಿಗೆಗೆ ಹೋದೆ. ಫ್ರೀಜರ್ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ ಹರಿದಿತ್ತು. ಅದಕ್ಕೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿದ್ದರು. ಟೇಪ್‌ನ ತುದಿ ತೇವಕ್ಕೆ ಬಿಟ್ಟುಕೊಂಡು ನೇತಾಡುತ್ತಿತ್ತು. ಗಾಜಿನ ಒಳಗೆ ಬೆರಳು ದಪ್ಪ ಮಂಜು ಕಟ್ಟಿ, ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಕೆಳಗೆ ನೀರು ತೊಟ್ಟಿಕ್ಕುವ ಕಡೆ ಒಂದು ಬಕೆಟ್. ಒಂದು ಬಾಗಿಲಿನ ರಬ್ಬರ್ ಪಟ್ಟಿಗೆ ಏನು ಮಹಾ ಖರ್ಚು? ಅಷ್ಟನ್ನೂ ಮುಂದಕ್ಕೆ ಹಾಕಿದ್ದರು. ನಾನು ಶಿಸ್ತು ಅಂತ ಬರೆದದ್ದು ಇದನ್ನು. ಎರಡು ವರ್ಷದ ನಂತರ ಆ ಕಂಪನಿ ಮಳಿಗೆಗಳನ್ನು ಒಂದೊಂದಾಗಿ ಮುಚ್ಚತೊಡಗಿತು. ಅವತ್ತಿನಿಂದ ಲೆಕ್ಕ ಓದಿದ ಮೇಲೆ ಒಂದೆರಡು ಮಳಿಗೆಗಳನ್ನು ನೋಡದೆ ನಾನು ಏನೂ ಬರೆಯುವುದಿಲ್ಲ. ನೀವೂ ಹೋಗಿ ನೋಡಿ. ನೆಲದ ಟೈಲ್ಸ್, ಫ್ರೀಜರ್ ಬಾಗಿಲು, ಬಿಲ್ಲಿಂಗ್ ಯಂತ್ರ, ಶೌಚಾಲಯ. ಈ ನಾಲ್ಕು ಸಾಕು.

ಇದೇ ಕಥೆ ದೊಡ್ಡ ಮಟ್ಟದಲ್ಲಿ ನಡೆದದ್ದು ಅಮೆರಿಕದ ಅಂಗಡಿ ಸಾಲು ಸಿಯರ್ಸ್ ಹೋಲ್ಡಿಂಗ್ಸ್‌ನಲ್ಲಿ. 2013 ಮತ್ತು 2014ರ ಲೆಕ್ಕವರ್ಷಗಳಲ್ಲಿ ಅದರ ಬಂಡವಾಳ ವೆಚ್ಚ ಸವಕಳಿಯ ಅರ್ಧಕ್ಕಿಂತಲೂ ಕಡಿಮೆ ಇತ್ತು. 2015ರಲ್ಲಿ 235 ಮಳಿಗೆಗಳ ಆಸ್ತಿಯನ್ನೂ ಇನ್ನಷ್ಟು ಜಂಟಿ ಪಾಲುಗಳನ್ನೂ ಸೆರಿಟೇಜ್ ಎಂಬ ಕಂಪನಿಗೆ ಸುಮಾರು 270 ಕೋಟಿ ಡಾಲರ್‌ಗೆ ಮಾರಿ, ಬಹುಪಾಲು ಜಾಗಗಳನ್ನು ಮತ್ತೆ ಬಾಡಿಗೆಗೆ ಹಿಡಿಯಿತು. ಒಮ್ಮೆಗೆ ದೊಡ್ಡ ಮೊತ್ತ ಬಂತು. ಬಾಡಿಗೆಯ ಹೊರೆ ಉಳಿಯಿತು. 2018ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾರಿ ಬಾಡಿಗೆಗೆ ಹಿಡಿಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಹಣದಿಂದ ಹೊಸ ಗೋದಾಮು ಕಟ್ಟುವವರೂ ಇದ್ದಾರೆ. ಆದರೆ ಆಸ್ತಿ ಮಾರಿ ಬಂದ ಹಣವನ್ನು ಹೂಡಿಕೆಯಿಂದ ಕಳೆದು ಒಂದೇ ಅಂಕಿಯಾಗಿ ತೋರಿಸುವ ಕಂಪನಿಗಳಿವೆ. ನೀವು ಹಾಗೆ ಕಳೆಯಬೇಡಿ. ಕೊಂಡದ್ದು ಒಂದು ಕಾಲಂ, ಮಾರಿದ್ದು ಇನ್ನೊಂದು ಕಾಲಂ.

ಹೋಲಿಕೆ ಮಾಡುವಾಗ ವರ್ಷದ ಹೆಸರು ನೋಡಿಕೊಳ್ಳಿ. ಅಮೆರಿಕದ ಬಹಳಷ್ಟು ರೀಟೇಲ್ ಕಂಪನಿಗಳ ವರ್ಷ ಜನವರಿ ಕೊನೆಗೆ ಮುಗಿಯುತ್ತದೆ, ಹಬ್ಬದ ಮಾರಾಟ, ಆಮೇಲೆ ವಾಪಸ್ ಬರುವ ಸರಕು ಎಲ್ಲ ಮುಗಿದ ಮೇಲೆ. ವಾಲ್‌ಮಾರ್ಟ್ 2025ರ ಜನವರಿಗೆ ಮುಗಿದ ವರ್ಷವನ್ನು 2025 ಅಂತ ಕರೆಯುತ್ತದೆ. ಅಲ್ಲಿನ ಇನ್ನೊಂದು ಅಂಗಡಿ ಸಾಲು ಟಾರ್ಗೆಟ್, 2025ರ ಫೆಬ್ರವರಿ 1ಕ್ಕೆ ಮುಗಿದ ವರ್ಷವನ್ನು 2024 ಅಂತ ಕರೆಯುತ್ತದೆ. ಹೆಸರು ನೋಡಿ ಪಕ್ಕಪಕ್ಕ ಇಟ್ಟರೆ ಇಡೀ ಒಂದು ವರ್ಷದ ವ್ಯತ್ಯಾಸ. ನಿಮ್ಮ ಪಟ್ಟಿಯಲ್ಲಿ ವರ್ಷ ಮುಗಿದ ತಾರೀಖನ್ನೇ ಬರೆಯಿರಿ.

ಅಮೆಜಾನ್ ನಿಮ್ಮ ಪಟ್ಟಿಯಲ್ಲಿದೆ. ಅದನ್ನು ತೆಗೆದುಬಿಡಿ, ಇಲ್ಲವೇ ಬೇರೆ ಹಾಳೆಯಲ್ಲಿಡಿ. 2023ರಲ್ಲಿ ಸುಮಾರು 5,270 ಕೋಟಿ ಡಾಲರ್, 2024ರಲ್ಲಿ ಸುಮಾರು 8,300 ಕೋಟಿ ಡಾಲರ್ ಆಸ್ತಿಗೆ ಹಾಕಿದೆ. ಈ ಏರಿಕೆಯ ದೊಡ್ಡ ಭಾಗ ಡೇಟಾ ಸೆಂಟರ್, ಸರ್ವರ್‌ಗಳದು. ಅದನ್ನು ರೀಟೇಲ್ ಹೂಡಿಕೆ ಅಂತ ಸರಾಸರಿಗೆ ಸೇರಿಸಿದರೆ ಉಳಿದವರೆಲ್ಲ ಸೋಮಾರಿಗಳ ಹಾಗೆ ಕಾಣುತ್ತಾರೆ.

ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ನನಗೆ ತುಂಬಾ ಮುಖ್ಯ. ವರ್ಷದ ಆರಂಭದಲ್ಲಿ ಕಂಪನಿಗಳು ಇಷ್ಟು ಹಾಕುತ್ತೇವೆ ಅಂತ ಅಂದಾಜು ಕೊಡುತ್ತವೆ. ಅದನ್ನು ಅವತ್ತೇ ಬರೆದಿಡಿ, ವರ್ಷದ ಕೊನೆಗೆ ನಿಜವಾದ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ಟಾರ್ಗೆಟ್ 2022ರಲ್ಲಿ ಸುಮಾರು 550 ಕೋಟಿ ಡಾಲರ್, 2023ರಲ್ಲಿ 480 ಕೋಟಿ, 2024ರಲ್ಲಿ 290 ಕೋಟಿ ಹಾಕಿತು. ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇಳಿಕೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ದೊಡ್ಡ ಯೋಜನೆಯೊಂದು ಮುಗಿದಿರಬಹುದು, ಬಡ್ಡಿ ಏರಿದ್ದಕ್ಕೆ ತಡೆದಿರಬಹುದು, ಮಾರಾಟ ನಿಂತದ್ದಕ್ಕೆ ಕೈ ಬಿಗಿ ಮಾಡಿರಬಹುದು. ಕಾರಣ ಸಿಗುವುದು ಆಡಳಿತದ ವಿವರಣೆಯಲ್ಲಿ. ಇದರಲ್ಲಿ ಝಾರಾದ ಮಾಲೀಕ ಕಂಪನಿ ಇಂಡಿಟೆಕ್ಸ್ ಮಾಡಿದ್ದು ನನಗೆ ಇಷ್ಟವಾಯಿತು. 2024 ಮತ್ತು 2025ಕ್ಕೆ ಸರಕು ವ್ಯವಸ್ಥೆಗೆಂದೇ ವರ್ಷಕ್ಕೆ 90 ಕೋಟಿ ಯೂರೋ ವಿಶೇಷ ಹೂಡಿಕೆ ಅಂತ ಮೊದಲೇ ಘೋಷಿಸಿ, ಮಾಮೂಲಿ ಹೂಡಿಕೆಯಿಂದ ಅದನ್ನು ಬೇರೆಯಾಗಿಯೇ ಹೇಳಿತು. ಓದುವವರಿಗೆ ಎಷ್ಟು ಸುಲಭ ನೋಡಿ.

ಆಸ್ತಿಯ ಪಟ್ಟಿಗೆ ಬಾರದ ಹೂಡಿಕೆಯೂ ಇದೆ. ಹೊಸ ಮಳಿಗೆ ತೆರೆಯುವ ಮುಂಚೆ ಕೊಡುವ ಸಂಬಳ, ತರಬೇತಿ, ಉದ್ಘಾಟನೆಯ ಜಾಹೀರಾತು ಇವನ್ನು ಆಸ್ತಿಯ ಬೆಲೆಗೆ ಸೇರಿಸಲು ಸ್ಥಿರಾಸ್ತಿಯ ಅಂತರರಾಷ್ಟ್ರೀಯ ಲೆಕ್ಕ ನಿಯಮ ಐಎಎಸ್ 16 ಬಿಡುವುದಿಲ್ಲ. ಆಯಾ ವರ್ಷದ ಖರ್ಚಾಗಿಯೇ ಬರೆಯಬೇಕು. ಹಾಗಾಗಿ ತುಂಬಾ ಮಳಿಗೆ ತೆರೆದ ವರ್ಷ ಲಾಭ ಸ್ವಲ್ಪ ಸೊರಗುವುದು ಸಹಜ. ಇನ್ನೊಂದು ದಿಕ್ಕಿನಲ್ಲಿ, ಕಟ್ಟಡದ ಮಾಲೀಕರು ಒಳಾಂಗಣಕ್ಕೆ ಒಂದಿಷ್ಟು ಹಣ ಕೊಡುವುದುಂಟು. ಅದನ್ನು ಕೆಲವರು ಕಳೆದು ತೋರಿಸುತ್ತಾರೆ, ಕೆಲವರು ಕಳೆಯದೆ ತೋರಿಸುತ್ತಾರೆ.

ಹಾಕಿದ ಹಣ ಫಲ ಕೊಟ್ಟಿತೇ ಅಂತ ನೋಡಲು ಆತುರ ಬೇಡ. ಹೊಸ ಮಳಿಗೆ ಒಂದು ಹದಕ್ಕೆ ಬರಲು ಎರಡು ಮೂರು ವರ್ಷ ಬೇಕು. ಗೋದಾಮಿಗೆ ಇನ್ನೂ ಜಾಸ್ತಿ. ಹಾಗಾಗಿ ಈ ವರ್ಷದ ಹೂಡಿಕೆಯನ್ನು ಈ ವರ್ಷದ ಲಾಭದ ಜೊತೆ ಇಡಬೇಡಿ. ಮೂರು ವರ್ಷದ ಒಟ್ಟು ಹೂಡಿಕೆಯನ್ನು ಒಂದು ಕಡೆ ಬರೆಯಿರಿ. ಆಮೇಲಿನ ಮೂರು ವರ್ಷದಲ್ಲಿ ಚದರ ಅಡಿಗೆ ಮಾರಾಟ ಎಷ್ಟು ಏರಿತು, ಹಳೆಯ ಮಳಿಗೆಗಳ ಮಾರಾಟ ಏನಾಯಿತು ಅಂತ ಇನ್ನೊಂದು ಕಡೆ ಬರೆಯಿರಿ. ಕೆಲವು ಮಳಿಗೆಗಳ ಆಸ್ತಿಯ ಬೆಲೆಯನ್ನು ಇದ್ದಕ್ಕಿದ್ದಂತೆ ಇಳಿಸಿ ನಷ್ಟ ಬರೆದಿದ್ದರೆ, ನಾಲ್ಕೈದು ವರ್ಷದ ಹಿಂದಿನ ಹೂಡಿಕೆಗೆ ಹೋಗಿ ನೋಡಿ. ಬಹಳ ಸಲ ಆ ನಷ್ಟದ ಬೇರು ಅಲ್ಲಿರುತ್ತದೆ. ಟಾರ್ಗೆಟ್ 2013ರಲ್ಲಿ ಕೆನಡಾಕ್ಕೆ ಹೋಗಿ ಒಂದರ ಹಿಂದೆ ಒಂದು ಮಳಿಗೆ ತೆರೆಯಿತು. 2015ರ ಜನವರಿಯಲ್ಲಿ 133 ಮಳಿಗೆಗಳನ್ನೂ ಮುಚ್ಚುತ್ತೇವೆ ಅಂತ ಹೇಳಿತು. ಮಳಿಗೆ ತೆರೆದ ವರ್ಷದ ಹೂಡಿಕೆ ಸಾಲು ಮಾತ್ರ ಓದಿದವರಿಗೆ ಅದು ಬೆಳವಣಿಗೆಯಾಗಿ ಕಂಡಿರುತ್ತದೆ.

ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು ಅಂತ ನಿಮಗೆ ಅನಿಸಿರಬಹುದು. ಹತ್ತು ವರ್ಷ ಇದ್ದರೆ ಚೆನ್ನ, ಯಾಕೆಂದರೆ ಫ್ರೀಜರ್, ರ‍್ಯಾಕ್, ನೆಲ ಇವೆಲ್ಲ ಒಂದು ಸುತ್ತು ಬದಲಾಗಲು ಹೆಚ್ಚುಕಡಿಮೆ ಅಷ್ಟು ಕಾಲ ಬೇಕು. ಐದು ಕಂಪನಿಯನ್ನು ಒಟ್ಟಿಗೆ ಹಿಡಿಯಬೇಡಿ. ಒಂದನ್ನು ಹತ್ತು ವರ್ಷಕ್ಕೆ ಪೂರ್ತಿ ಮಾಡಿ ಮುಗಿಸಿ. 2019ಕ್ಕೆ ಬಂದಾಗ ಕಾಲಂ ನಡುವೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆಯ ಎಡಕ್ಕೆ ಲೀಸ್ ಹಕ್ಕಿನ ಸಾಲು ಖಾಲಿ ಇರುತ್ತದೆ. ಅಲ್ಲಿ ಆ ವರ್ಷಗಳ ಬಾಡಿಗೆ ಖರ್ಚನ್ನು ಬರೆದಿಡಿ. ಪೂರ್ತಿಯಾದ ಮೇಲೆ ಆ ಹಾಳೆಯನ್ನು ನನಗೆ ಕಳಿಸಿ, ಹಳೆಯ ಮಳಿಗೆಗಳಿಗೆ ಉಳಿದ ಆ 74 ಕೋಟಿ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು ಅಂತ ನೋಡುವ ಕುತೂಹಲ ನನಗೂ ಇದೆ.